ದಸ್ತಿಯ ಒಡಪು ಯಾರದ್ದು

ಸಾಹಿತ್ಯ ಓದಲು ಹೋದವರು ಕವಿತೆ ಬರೆದು ಕೊಡುತ್ತಾರೆ, ಕತೆ ಬರೆದು ಕೊಡುತ್ತಾರೆ. ನಾನು ಒಡಪು ಕಟ್ಟಿ ಕೊಟ್ಟೆ. ಕೊಟ್ಟು, ಅದರಲ್ಲಿನ ಒಂದೇ ಒಂದು ಒಡಪಿನಿಂದ ಎಂ.ಎ. ಪದವಿ ಕೈತಪ್ಪುವ ಹಂತಕ್ಕೂ ಹೋಗಿ ಬಂದೆ. ಇದನ್ನು ಮೊದಲಿನಿಂದ ಹೇಳಬೇಕು. ನಮ್ಮ ಕಡೆಯವರಲ್ಲದವರಿಗೆ ಒಡಪು ಎಂದರೇನೆಂದು ಗೊತ್ತಿಲ್ಲದಿದ್ದರೆ ಉಳಿದದ್ದೆಲ್ಲ ಹುಡುಗಾಟದಂತೆ ಕಂಡೀತು.

ನಮ್ಮಲ್ಲಿ ಹೆಣ್ಣುಮಗಳು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ರೇಶನ್ ಅಂಗಡಿಯಲ್ಲಿ, ದವಾಖಾನೆಯಲ್ಲಿ ಹೇಳುತ್ತಾಳೆ, ಅದು ಬೇರೆ ಮಾತು. ಮನೆಯಲ್ಲಿ ಮಾತ್ರ 'ಇವರು', 'ಅವರು' ಎನ್ನುವುದರಲ್ಲೇ ಜನ್ಮ ಸಾಗುತ್ತದೆ. ಆದರೆ ಮದುವೆಯಾಗಿ ಗಂಡನ ಮನೆಗೆ ಮೊದಲ ಸಲ ಕಾಲಿಡುವಾಗ ಹೇಳಲೇಬೇಕು. ಗಂಡನ ಅಕ್ಕತಂಗಿಯರು ಹೊಸ್ತಿಲಿಗೆ ಅಡ್ಡ ನಿಂತು, ಹೆಸರು ಹೇಳಿ ಒಳಗೆ ಬಾ ಎನ್ನುತ್ತಾರೆ. ಸುಮ್ಮನೆ ಹೇಳಿದರೆ ನಡೆಯುವುದಿಲ್ಲ. ಎರಡು ಸಾಲು ಪ್ರಾಸ ಹಚ್ಚಿ, ಅದರೊಳಗೆ ಹೆಸರನ್ನು ಕೂರಿಸಿ ಹೇಳಬೇಕು. ಅದೇ ಒಡಪು. ಚೆನ್ನಾಗಿ ಹೇಳಿದರೆ ದಾರಿ ಬಿಡುತ್ತಾರೆ, ಅತ್ತೆಯೂ ನಗುತ್ತಾಳೆ. ತಡವರಿಸಿದರೆ ಮೊಮ್ಮಕ್ಕಳಾಗುವ ತನಕ ಆಡಿಕೊಳ್ಳುತ್ತಾರೆ. ಹೀಗಾಗಿ ಮದುವೆ ಗೊತ್ತಾದ ಹುಡುಗಿಯರು ಸೀರೆ, ಬಳೆಯ ಜೊತೆಗೆ ಒಡಪನ್ನೂ ಹೊಂದಿಸಿಟ್ಟುಕೊಳ್ಳುತ್ತಾರೆ.

ಕೌಜಲಗಿಯಲ್ಲಿ ಹಾಗೆ ಹೊಂದಿಸಿಕೊಳ್ಳಲು ಬರುತ್ತಿದ್ದುದು ನಮ್ಮ ಮನೆಗೆ. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಒಡಪು ಕಟ್ಟುತ್ತಿದ್ದಳು. ನಾನು ಮಾತು ಕಲಿತದ್ದೇ ಆಯಿ ಮತ್ತು ಅವಳ ಓರಗೆಯ ಮುದುಕಿಯರ ನಡುವೆ ಕುಳಿತು. ಅವ್ವ, ಅಪ್ಪ ಹೊಲಕ್ಕೆ ಹೋದರೆಂದರೆ ನಾನು ಪಡಸಾಲೆಯಲ್ಲಿ ಆ ಮುದುಕಿಯರ ತಾಬೆಗೆ. ಅವರು ಶೇಂಗಾ ಸುಲಿಯುತ್ತ ಊರಿನ ಸುದ್ದಿಯನ್ನೂ ಸುಲಿಯುತ್ತಿದ್ದರು. ಸುದ್ದಿಯನ್ನು ಎಲ್ಲಿ ನಿಲ್ಲಿಸಿ ತಾಟಿನ ಕಡೆ ನೋಡಬೇಕು, ಯಾವಾಗ ದನಿ ತಗ್ಗಿಸಿದರೆ ಉಳಿದವರು ಮುಂದೆ ಬಾಗುತ್ತಾರೆ, ಇವೆಲ್ಲ ನನಗೆ ಸಾಲಿಗೆ ಹೋಗುವ ಮೊದಲೇ ಬಂದಿದ್ದವು. ಸಾಲಿಯಲ್ಲಿ ಕಲಿತದ್ದು ಅಕ್ಷರ.

ಎಂ.ಎ. ಕನ್ನಡಕ್ಕೆ ಸೇರಿದ್ದು ಗೋಕಾಕದಲ್ಲಿ. ದಿನಾ ಬಸ್ಸಿನಲ್ಲಿ ಹೋಗಿ ಬರುವುದು. ಅಲ್ಲಿ ಸೃಜನಶೀಲ ಬರವಣಿಗೆ ಎಂಬ ಒಂದು ಪಠ್ಯವಿಷಯ ಇದೆ ಎಂದು ಗೊತ್ತಾದಾಗ ನಾನು ಹಿಗ್ಗಿ ಆಯಿಗೆ ಹೇಳಿದೆ, ಅಲ್ಲಿ ನಮಗೆ ಬರೆಯುವುದನ್ನು ಕಲಿಸುತ್ತಾರೆ ಎಂದು. ಆಯಿ ಇಷ್ಟಲಿಂಗ ಪೂಜೆ ಮುಗಿಸಿ ವಿಭೂತಿ ಎತ್ತಿಡುತ್ತಿದ್ದಳು.

"ಬರಿಯಾಕ ಸಾಲ್ಯಾಗ ಒಂದನೇ ಇಯತ್ತೇಕ ಕಲ್ತಿದ್ದಿಲ್ಲೇನ?" ಎಂದಳು. "ಮತ್ತ ಪಗಾರ ಕೊಟ್ಟು ಮಾಸ್ತರನ್ನ ಯಾಕ ಇಟ್ಟಾರ ಅಲ್ಲೆ?"

ನಾನು ಅವಳಿಗೆ ಸೃಜನಶೀಲ ಎಂದರೇನೆಂದು ಬಿಡಿಸಿ ಹೇಳಿದೆ. ಅವಳು ಪೂರ್ತಿ ಕೇಳಿದಳು, ಒಪ್ಪಿದಂತೆ ತಲೆಯಾಡಿಸಿದಳು, ನಂತರ ಹಾಲು ಉಕ್ಕುತ್ತದೆ ನೋಡು ಹೋಗು ಎಂದಳು.

ಪಾಠ ಮಾಡುತ್ತಿದ್ದುದು ಮಾಸ್ತರಲ್ಲ, ಒಬ್ಬ ಮೇಡಂ. ನಮ್ಮ ಸೀಮೆಯವರೇ. ಬರೆದದ್ದನ್ನು ಎದ್ದು ನಿಂತು ಓದಿಸುತ್ತಿದ್ದರು. ಆಗ ನಾನು ಬರೆಯುತ್ತಿದ್ದ ಕವಿತೆಗಳಲ್ಲಿ ಮೌನ ಇರುತ್ತಿತ್ತು, ಬೆಳದಿಂಗಳು ಇರುತ್ತಿತ್ತು, ಅನಂತ ಎಂಬುದು ಎರಡು ಸಾಲಿಗೊಮ್ಮೆ ಬರುತ್ತಿತ್ತು. ಓದಿ ಮುಗಿಸಿದರೆ ಗೆಳತಿಯರು ಚಪ್ಪಾಳೆ ಹೊಡೆಯುತ್ತಿದ್ದರು. ಮೇಡಂ ಒಂದೇ ಪ್ರಶ್ನೆ ಕೇಳುತ್ತಿದ್ದರು, ಇದು ಎಲ್ಲಿ ನಡೆಯಿತು ಎಂದು. ಅನಂತದಲ್ಲಿ ನಡೆದದ್ದಕ್ಕೆ ಏನು ಹೇಳುವುದು?

ಆ ವರ್ಷವೇ ನಮ್ಮ ಕಾಕಾನ ಮಗಳ ಮದುವೆ ಯಮಕನಮರಡಿಗೆ ಗೊತ್ತಾಯಿತು. ಅವಳು ಆಯಿಯನ್ನು ಬಿಟ್ಟು ಒಡಪು ಕೇಳಲು ನನ್ನ ಹತ್ತಿರ ಬಂದಳು. ಗಂಡನ ಮನೆಯವರು ಹೆದ್ದಾರಿಯ ಮೇಲೆ ಅಂಗಡಿ ಇಟ್ಟವರು, ಸುಧಾರಿಸಿದ ಮಂದಿ, ಆಯಿಯ ಒಡಪು ಹಳ್ಳಿಗಾಡಿನದಾದೀತು, ನೀನು ಕವಿತೆ ಬರೆಯುವುದನ್ನು ಕಲಿಯುತ್ತಿದ್ದೀಯಲ್ಲ, ನೀನೇ ಕಟ್ಟಿಕೊಡು ಎಂದಳು. ನನಗೆ ಬೇಕಾದದ್ದೂ ಅದೇ. ಮೂರು ಸಂಜೆ ಕುಳಿತು ಕಟ್ಟಿದೆ. ಅದರಲ್ಲಿ ಬೆಳದಿಂಗಳಿತ್ತು, ಹೃದಯದ ತಂತಿ ಇತ್ತು, ಕೊನೆಗೆ 'ನನ್ನ ಅಂತರಂಗದ ಅನಂತ ಪಥಿಕ' ಎಂದು ಬಂದು ಆಮೇಲೆ ಹೆಸರು.

ಹೊಸ್ತಿಲಲ್ಲಿ ನಾನೂ ಅವಳ ಬೆನ್ನಿಗೇ ನಿಂತಿದ್ದೆ. ಬೆಳದಿಂಗಳ ತನಕ ಚೆನ್ನಾಗಿಯೇ ಹೋದಳು. ತಂತಿಯ ಹತ್ತಿರ ಉಸಿರು ಸಾಲದೆ ನಿಂತಳು. ಸುಧಾರಿಸಿಕೊಂಡು ಪಥಿಕ ಎಂದಳು, ಅಲ್ಲಿಂದ ಮುಂದೆ ಹೆಸರೇ ಮರೆತುಹೋಯಿತು. ಅಡ್ಡ ನಿಂತಿದ್ದ ನಾದಿನಿಯರು ಮುಖ ಮುಖ ನೋಡಿಕೊಂಡರು. ಅವರಲ್ಲಿ ಒಬ್ಬಳು ಪದವಿ ಓದಿದವಳೇ ಇದ್ದಳು.

"ಪಥಿಕ ಅಂದ್ರ ಹಾದಿಹೋಕ" ಎಂದು ಉಳಿದವರಿಗೆ ತಿಳಿಸಿದಳು. ಆಮೇಲೆ ಮದುಮಗಳ ಕಡೆ ತಿರುಗಿ, "ಹಾದಿಹೋಕ ಹೊರಗ ನಿಂತಾನೇನ ನೋಡ್ರಿ ವೈನಿ. ಇಲ್ಲಿರಾಂವ ನಮ್ಮಣ್ಣ" ಎಂದಳು.

ಮನೆ ತುಂಬ ನಗು. ನನ್ನ ತಂಗಿಯೂ ಕಣ್ಣಲ್ಲಿ ನೀರಿಟ್ಟುಕೊಂಡೇ ನಕ್ಕಳು. ಅವಳ ಗಂಡನನ್ನು ಅವನ ಗೆಳೆಯರು ಇವತ್ತಿಗೂ ಹಾದಿಹೋಕ ಎಂದೇ ಕರೆಯುತ್ತಾರೆ. ಅವನಿಗೂ ಅದು ರೂಢಿಯಾಗಿದೆ.

ಊರಿಗೆ ಬಂದು ಆಯಿಗೆ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. ಒಡಪನ್ನು ಎರಡು ಸಲ ಹೇಳಿಸಿ ಕೇಳಿದಳು. ಚಂದ ಇದೆ ಎಂದಳು, ಆದರೆ ಹುಡುಗಿ ಇದರಲ್ಲಿ ಎಲ್ಲಿದ್ದಾಳೆ ಎಂದಳು. ಮೇಡಂ ಕೇಳುತ್ತಿದ್ದ ಪ್ರಶ್ನೆಯೂ ಹೆಚ್ಚುಕಡಿಮೆ ಇದೇ ಆಗಿತ್ತಲ್ಲ ಎಂದು ನನಗೆ ಹೊಳೆಯಿತು. ಒಂದೇ ಮಾತನ್ನು ತರಗತಿಯಲ್ಲೂ ಪಡಸಾಲೆಯಲ್ಲೂ ಕೇಳಿದ ಮೇಲೆ ನಾನು ಹಟ ಹಿಡಿಯಲಿಲ್ಲ. ಮರುದಿನದಿಂದ, ಒಡಪು ಕಟ್ಟಿಸಿಕೊಳ್ಳಲು ಯಾರು ಬಂದರೂ ಆಯಿಯ ಬಾಜೂಕೇ, ಮಗ್ಗುಲಲ್ಲೇ ಕುಳಿತೆ.

ಆಯಿಯ ಕೆಲಸದ ರೀತಿ ಹೀಗಿತ್ತು. ಬಂದ ಹುಡುಗಿಗೆ ಗಂಡನ ವಿಷಯ ಒಂದೂ ಕೇಳುತ್ತಿರಲಿಲ್ಲ. "ಮನ್ಯಾಗ ಎದಕ್ಕ ಬೈಸ್ಕೋತಿ?" ಎಂದು ಕೇಳುತ್ತಿದ್ದಳು. ಒಬ್ಬಳು ಬಾಗಿಲು ಹಾಕುವುದನ್ನು ಮರೆಯುತ್ತಾಳೆ, ಒಬ್ಬಳು ಉಪ್ಪು ಹೆಚ್ಚು ಹಾಕುತ್ತಾಳೆ, ಇನ್ನೊಬ್ಬಳು ಫೋನಿನಲ್ಲಿ ಮಾತಿಗೆ ನಿಂತರೆ ರೊಟ್ಟಿ ಸೀಯುತ್ತದೆ. ಆ ಬೈಗುಳವೇ ಆಯಿಯ ಸಾಮಾನು. ಅದರಿಂದ ಕಟ್ಟಿದ ಒಡಪು ಹುಡುಗಿಗೆ ಮರೆಯುವುದೇ ಇಲ್ಲ, ಯಾಕೆಂದರೆ ಅದು ಅವಳದೇ ಮೈಮೇಲಿನದು. ಆಮೇಲೆ ಗಂಡನ ಹೆಸರು ಉದ್ದವೋ ಗಿಡ್ಡವೋ ಎಂದು ಕೇಳುತ್ತಿದ್ದಳು, ಅದಕ್ಕೆ ಬೇಕಾದಷ್ಟು ಜಾಗ ಬಿಡುತ್ತಿದ್ದಳು. ಕಟ್ಟಿಯಾದ ಮೇಲೆ ಹುಡುಗಿಯನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಮುಂದೆ ಮುಸುರೆ ಪಾತ್ರೆ ಇಡುತ್ತಿದ್ದಳು. ಪಾತ್ರೆ ತಿಕ್ಕುತ್ತ ಒಡಪು ಹೇಳಬೇಕು. ತಿಕ್ಕುವ ಕೈ ನಡುವೆ ನಿಂತರೆ ಒಡಪು ಉದ್ದವಾಯಿತೆಂದು ಲೆಕ್ಕ. ಅಲ್ಲೇ ಒಂದು ಮಾತು ಕಿತ್ತು ಹಾಕುತ್ತಿದ್ದಳು. ನಮ್ಮ ಮನೆಯ ಪಾತ್ರೆಗಳನ್ನು ಆ ವರ್ಷಗಳಲ್ಲಿ ತಿಕ್ಕಿದವರು ಹೆಚ್ಚಾಗಿ ಮದುವಣಗಿತ್ತಿಯರೇ. ಅವ್ವನಿಗೆ ಈ ಪದ್ಧತಿಯ ಬಗ್ಗೆ ದೂರೇ ಇರಲಿಲ್ಲ.

ಬಸ್ಸಿನಲ್ಲಿ ನನಗೊಬ್ಬ ಗೆಳತಿ ಇದ್ದಳು. ಕುಲಗೋಡದ ಹುಡುಗಿ, ಕುರಿ ಸಾಕುವ ಮನೆತನದವಳು, ಗೋಕಾಕದಲ್ಲಿ ಕಂಪ್ಯೂಟರ್ ಕೋರ್ಸ್ ಮಾಡುತ್ತಿದ್ದಳು. ಸಂಜೆ ಗೋಕಾಕ ಸ್ಟ್ಯಾಂಡಿನಲ್ಲಿ ನಮ್ಮ ಬಸ್ಸು ಬಂದು ನಿಲ್ಲುವ ಮೊದಲೇ ಮಂದಿ ಬಾಗಿಲಿಗೆ ಮುತ್ತುತ್ತಾರೆ. ಅವಳು ಬಾಗಿಲಿನ ಕಡೆ ಹೋಗುವವಳೇ ಅಲ್ಲ. ಹೊರಗೆ ನಿಂತು ಕಿಡಕಿಯೊಳಗೆ ದಸ್ತಿ ಒಗೆದು, ಅಂದರೆ ಕಿಟಕಿಯಿಂದ ಕರವಸ್ತ್ರ ಎಸೆದು, ನಮ್ಮಿಬ್ಬರಿಗೂ ಸೀಟು ಹಿಡಿಯುತ್ತಿದ್ದಳು. ಕರವಸ್ತ್ರ ಬಿದ್ದ ಸೀಟಿನಲ್ಲಿ ಬೇರೆಯವರು ಕೂರುವುದಿಲ್ಲ, ಅದು ನಮ್ಮ ಬಸ್ಸುಗಳ ಕಾಯಿದೆ. ಒಂದೊಂದು ಸಲ ಅವಸರದಲ್ಲಿ ಬೇರೆ ಊರಿನ ಬಸ್ಸಿಗೆ ಒಗೆದುಬಿಡುತ್ತಿದ್ದಳು. ದಸ್ತಿ ತನ್ನ ಪಾಡಿಗೆ ತಾನು ಅಂಕಲಗಿಗೋ ಘಟಪ್ರಭೆಗೋ ಹೋಗುತ್ತಿತ್ತು. ಮನೆಯಲ್ಲಿ ಅವಳು ಬೈಸಿಕೊಳ್ಳುತ್ತಿದ್ದುದೇ ದಸ್ತಿ ಕಳೆಯುವುದಕ್ಕೆ.

ಅವಳ ಮದುವೆ ಮೂಡಲಗಿಗೆ ಗೊತ್ತಾದಾಗ ಒಡಪನ್ನು ನಾನೇ ಕಟ್ಟಿದೆ. ಆಯಿಯನ್ನು ಕೇಳಲಿಲ್ಲ. ಹೆಸರಿನ ಜಾಗವನ್ನು ಇಲ್ಲಿ ಖಾಲಿ ಬಿಟ್ಟಿದ್ದೇನೆ:

ಗೋಕಾಕ ಸ್ಟ್ಯಾಂಡಿನ್ಯಾಗ ಗದ್ದಲ ಬಾಳ, ಕಿಡಕ್ಯಾಗ ಒಗದೆ ದಸ್ತಿ;
ಬಾಜೂಕ ಬಂದು ಕುಂತಾರ ನಮ್ಮ ——, ಮಾತಾಡಿಲ್ಲ ಜಾಸ್ತಿ.

ಅವಳ ಗಂಡ ನಿಜಕ್ಕೂ ಮಾತು ಕಡಿಮೆಯ ಮನುಷ್ಯ. ಹೆಣ್ಣು ನೋಡಲು ಬಂದಾಗ ಚಹಾ ಬಿಸಿ ಇದೆ ಎಂಬುದರ ಹೊರತು ಬೇರೆ ಮಾತಾಡಿರಲಿಲ್ಲವಂತೆ. ಮೂಡಲಗಿಯ ಹೊಸ್ತಿಲಲ್ಲಿ ಅವಳು ಈ ಒಡಪನ್ನು ದಸ್ತಿ ಒಗೆದಷ್ಟೇ ಸಲೀಸಾಗಿ ಒಗೆದಳು. ನಾದಿನಿಯರು ಇನ್ನೊಮ್ಮೆ ಹೇಳಿಸಿದರು. ಒಳಗೆ ಕುಳಿತಿದ್ದ ಹಿರಿಯ ಹೆಂಗಸೊಬ್ಬರು, ಕೇಳಿಸಲಿಲ್ಲ, ನನಗೂ ಹೇಳಿಸಿರಿ ಎಂದು ಕೋಲೂರಿ ಎದ್ದು ಬಂದರು. ಮದುಮಗ ಎಂದಿನಂತೆ ಮಾತಾಡಲಿಲ್ಲ, ಅದಕ್ಕೂ ನಕ್ಕರು. ನಾನು ಗೋಡೆಗೊರಗಿ ನಿಂತು, ಇದು ನಡೆದದ್ದು ಗೋಕಾಕ ಸ್ಟ್ಯಾಂಡಿನಲ್ಲಿ ಎಂದು ಮನಸ್ಸಿನಲ್ಲೇ ಮೇಡಂಗೆ ಉತ್ತರ ಹೇಳಿದೆ.

ಅದಾದ ಮೇಲೆ ನನಗೆ ಬಿಡುವಿಲ್ಲದಂತಾಯಿತು. ಫೋನಿನಲ್ಲಿ ಹುಡುಗಿಯರ ಧ್ವನಿ ಸಂದೇಶಗಳು ಬರತೊಡಗಿದವು. ಅಕ್ಕಾ, ನಮ್ಮವರ ಹೆಸರು ಹೀಗಿದೆ, ನನಗೆ ಮನೆಯಲ್ಲಿ ಇಂಥದಕ್ಕೆ ಬೈಯುತ್ತಾರೆ, ಒಂದು ಕಟ್ಟಿಕೊಡಿ. ಮೂಡಲಗಿಯ ಒಬ್ಬ ನರ್ಸಿಗೆ ಕಟ್ಟಿದ್ದು ಹೀಗಿತ್ತು:

ಸೂಜಿ ಮಾಡೋ ಕೈ ಐತಿ ನಂದು, ಅಂಜಿಕಿ ಅನ್ನೂದ ಇಲ್ಲ;
ಸೂಜಿ ಕಂಡ್ರ ನಮ್ಮ —— ಊರಾಗ ನಿಲ್ಲೂದಿಲ್ಲ.

ನಮ್ಮ ತರಗತಿಯ ಹುಡುಗರಿಗೆ ಇದು ಗೊತ್ತಾಗಿ ಒಳ್ಳೆಯ ಮೋಜು ಸಿಕ್ಕಿತು. ಗಂಡನೇ ಇಲ್ಲದವಳು ಊರ ಮಂದಿಯ ಗಂಡಂದಿರ ಹೆಸರು ಹೇಳಿಕೊಂಡು ತಿರುಗುತ್ತಾಳೆ ಎಂದು ಕಾಡುತ್ತಿದ್ದರು. ಹಾಗೆ ಕಾಡಿದವನೊಬ್ಬ ಮುಂದೆ ತನ್ನ ಹೆಂಡತಿಯಾಗುವವಳಿಗೆ ಒಡಪು ಬೇಕೆಂದು ಕ್ಯಾಂಟೀನಿನಲ್ಲಿ ನನಗೆ ಮಿರ್ಚಿ ಭಜಿ ತಿನ್ನಿಸಿದ. ನಾನು ಭಜಿ ತಿಂದೆ, ಒಡಪನ್ನೂ ಕೊಟ್ಟೆ.

ಕೊನೆಯ ವರ್ಷಕ್ಕೆ ಬಂದಾಗ ಪ್ರಾಜೆಕ್ಟಿನ ಮಾತು ಎದ್ದಿತು. ಪ್ರತಿಯೊಬ್ಬರೂ ಸ್ವಂತದ್ದು ಏನಾದರೂ ಬರೆದು, ಬೈಂಡ್ ಮಾಡಿಸಿ ಒಪ್ಪಿಸಬೇಕು. ಹೊರಗಿನಿಂದ ಬರುವ ಪರೀಕ್ಷಕರ ಎದುರು ಕುಳಿತು ಪ್ರಶ್ನೆಗಳಿಗೆ ಉತ್ತರಿಸಬೇಕು. ನಾನು ಒಡಪುಗಳನ್ನು ಕೊಡುತ್ತೇನೆ ಎಂದೆ. ವಿಭಾಗದ ಹಿರಿಯರೊಬ್ಬರಿಗೆ ಅದು ಸೇರಲಿಲ್ಲ. ಒಡಪು ಜಾನಪದ, ಬೇಕಾದರೆ ಊರೂರು ತಿರುಗಿ ಸಂಗ್ರಹ ಮಾಡು, ವಿಶ್ಲೇಷಣೆ ಬರೆ, ಆದರೆ ಅದನ್ನು ನಿನ್ನ ಸೃಷ್ಟಿ ಎಂದು ಕರೆಯಬೇಡ ಎಂದರು. ಅವರ ಮಾತಿನಲ್ಲಿ ತಿರಸ್ಕಾರವಿರಲಿಲ್ಲ. ಒಡಪಿಗೂ ಬರೆದವರಿರುತ್ತಾರೆ ಎಂಬುದು ಅವರ ಕಣ್ಣಿಗೆ ಬಿದ್ದಿರಲಿಲ್ಲ, ಅಷ್ಟೇ. ನನಗೋ ಆಯಿ ಹಿತ್ತಲಲ್ಲಿ ಮಾತು ಕೀಳುವುದು, ಕೂಡಿಸುವುದು ಕಣ್ಣೆದುರೇ ಇತ್ತು. ಮೇಡಂ ನನ್ನ ಪರ ನಿಂತರು. ಒಂದು ಷರತ್ತಿನ ಮೇಲೆ ಒಪ್ಪಿಗೆ ಸಿಕ್ಕಿತು. ಆಯಿಯದೂ ಸೇರಿದಂತೆ ಬೇರೆ ಯಾರ ಒಡಪೂ ಅದರಲ್ಲಿ ಇರಕೂಡದು. ಬೇರೆಯವರದು ಒಂದೇ ಒಂದು ಸಿಕ್ಕರೂ ಇಡೀ ಪ್ರಾಜೆಕ್ಟ್ ವಾಪಸ್, ಮುಂದಿನ ವರ್ಷ ಹೊಸದಾಗಿ ಬರೆದು ಬರಬೇಕು. ನಾನು ನಿಶ್ಚಿಂತೆಯಿಂದ ಸಹಿ ಹಾಕಿದೆ. ಪ್ರತಿಯೊಂದು ಒಡಪು ಯಾರ ಬೈಗುಳದಿಂದ ಹುಟ್ಟಿತೆಂದು ನನಗೆ ಗೊತ್ತಿತ್ತು. ಭಯ ಯಾಕೆ?

ಪರೀಕ್ಷೆಯ ದಿನ ಬಂದ ಪರೀಕ್ಷಕರು ವಯಸ್ಸಾದವರು, ಜಾನಪದದಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವರು. ಕೋಣೆಯಲ್ಲಿ ಅವರು, ಮೇಡಂ, ನಾನು, ಮೂವರೇ. ಮೊದಮೊದಲು ಪುಸ್ತಕದ ಕನ್ನಡದಲ್ಲೇ ಕೇಳಿದರು. ಛಂದಸ್ಸಿನ ಬಗ್ಗೆ ಕೇಳಿದರು, ಪ್ರಾಸದ ಬಗ್ಗೆ ಕೇಳಿದರು. ನಾನು ಪಾತ್ರೆ ತಿಕ್ಕಿಸುವ ವಿಷಯ ಹೇಳಿದೆ. ಅವರು ಅದನ್ನು ಬರೆದುಕೊಂಡರು. ಎಲ್ಲ ಸರಾಗವಾಗಿ ನಡೆದಿತ್ತು. ಹಾಳೆ ತಿರುವುತ್ತ ದಸ್ತಿಯ ಒಡಪಿನ ಹತ್ತಿರ ಬಂದು ನಿಂತರು. ಎರಡು ಸಲ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ಇದೂ ನಿಮ್ಮದೇ ಏನಮ್ಮ ಎಂದು ಕೇಳಿದರು. ಹೌದು ಎಂದೆ. ಪ್ರಾಜೆಕ್ಟನ್ನು ಮುಚ್ಚಿದರು. ಅಲ್ಲಿಂದ ಮುಂದೆ ಅವರ ಪುಸ್ತಕದ ಕನ್ನಡವೂ ಮುಚ್ಚಿತು.

"ಸುಳ್ಳ ಹೇಳಬ್ಯಾಡ ತಂಗಿ. ಹುಕ್ಕೇರಿಯಾಗ ನಮ್ಮ ತಂಗೀ ಮಗಳ ಮದಿವ್ಯಾಗ ಈ ಒಡಪ ನಾನ ಕಿವೀಲೆ ಕೇಳೇನಿ. ಮಂದಿ ಬಾಯಾಗ ಇರೂದನ್ನ ತಂದು ನಂದು ಅಂದ್ರ ಹೆಂಗ?"

ಆ ಹೊತ್ತಿನ ನನ್ನ ಮನಸ್ಸನ್ನು ಇದ್ದಂತೆ ಹೇಳಿದರೆ ಯಾರೂ ನಂಬಲಿಕ್ಕಿಲ್ಲ. ಒಂದು ಕಡೆ ಭಯ. ಪ್ರಾಜೆಕ್ಟ್ ವಾಪಸ್, ಒಂದು ವರ್ಷ ಹೋಯಿತು, ನನ್ನನ್ನು ನಂಬಿ ನಿಂತ ಮೇಡಂಗೂ ವಿಭಾಗದಲ್ಲಿ ತಲೆ ಎತ್ತುವಂತಿಲ್ಲ. ಇನ್ನೊಂದು ಕಡೆ, ಅದೇ ಗಳಿಗೆಯಲ್ಲಿ, ನನ್ನ ಒಡಪು ಹುಕ್ಕೇರಿಯನ್ನು ಮುಟ್ಟಿತೇ ಎಂದು ಹಿಗ್ಗು. ನಾನು ಹುಕ್ಕೇರಿಯಲ್ಲಿ ಯಾರಿಗೂ ಒಡಪು ಕಟ್ಟಿಕೊಟ್ಟಿರಲಿಲ್ಲ. ಮೂಡಲಗಿಯ ಹೊಸ್ತಿಲಿನಿಂದ ಅದು ತಾನಾಗಿ, ಒಬ್ಬರ ಬಾಯಿಂದ ಒಬ್ಬರ ಬಾಯಿಗೆ, ಅಷ್ಟು ದೂರ ಹೋಗಿತ್ತು.

ಮೇಡಂ ಸಮಾಧಾನದಿಂದಲೇ ಮಾತಾಡಿದರು. ಈ ಒಡಪನ್ನು ಕಟ್ಟಿಸಿಕೊಂಡ ಗೆಳತಿ ಮೂಡಲಗಿಯಲ್ಲಿದ್ದಾಳೆ, ಬೇಕಾದರೆ ಫೋನು ಹಚ್ಚಿ ಕೇಳೋಣ ಎಂದರು. ಪರೀಕ್ಷಕರು ಕೈಯಾಡಿಸಿದರು. ಗೆಳತಿ ಗೆಳತಿಯ ಪರವಾಗಿಯೇ ಹೇಳುತ್ತಾಳೆ, ಅದು ಸಾಕ್ಷಿಯಲ್ಲ ಎಂದರು. ಮದುವೆಯೇ ಆಗದ ಹುಡುಗಿಗೆ ಇಂಥ ಒಡಪು ಹೇಗೆ ಹೊಳೆದೀತು ಎಂದೂ ಸೇರಿಸಿದರು. ಆ ಮಾತು ನನಗೆ ಚುಚ್ಚಲಿಲ್ಲ, ಕ್ಯಾಂಟೀನಿನಲ್ಲಿ ಅದನ್ನು ಕೇಳಿ ಕೇಳಿ ಹಳೆಯದಾಗಿತ್ತು. ನನ್ನ ತಲೆಯಲ್ಲಿ ಓಡುತ್ತಿದ್ದುದೇ ಬೇರೆ. ಹುಕ್ಕೇರಿಯ ಆ ಹುಡುಗಿ ಅದನ್ನು ಹೇಗೆ ಹೇಳಿದಳು? ಗೋಕಾಕ ಸ್ಟ್ಯಾಂಡ್ ಎಂದೇ ಹೇಳಿದಳೇ?

"ಸರ್, ನಿಮ್ಮ ತಂಗೀ ಮಗಳು ಹೆಂಗ ಹೇಳಿದ್ಲು, ಒಂದ ಸಲ ಹೇಳಿ ತೋರಸ್ರಿ" ಎಂದೆ.

ಮೇಡಂ ನನ್ನ ಕಡೆ ನೋಡಿದ ನೋಟದಲ್ಲಿ, ಸುಮ್ಮನಿರು ಎಂಬುದು ಸ್ಪಷ್ಟವಾಗಿತ್ತು. ಪರೀಕ್ಷಕರು ಕೂಡ ಇದು ಯಾವ ಧೈರ್ಯ ಎಂಬಂತೆ ನೋಡಿದರು. ಆದರೆ ಒಡಪು ಬಲ್ಲವರಿಗೆ ಒಡಪು ಹೇಳು ಎಂದರೆ ತಡೆದುಕೊಳ್ಳುವುದು ಕಷ್ಟ. ಗಂಟಲು ಸರಿಮಾಡಿಕೊಂಡು, ಹೆಸರಿನ ಜಾಗದಲ್ಲಿ 'ನಮ್ಮ ಅಳಿಯ' ಎಂದು ಹಾಕಿ ಹೇಳಿದರು. ಹೆಸರು ಬಿಟ್ಟು ಉಳಿದದ್ದು ಹೀಗಿತ್ತು:

ಹುಕ್ಕೇರಿ ಸ್ಟ್ಯಾಂಡಿನ್ಯಾಗ ಗದ್ದಲ ಬಾಳ, ಕಿಡಕ್ಯಾಗ ಒಗದೆ ದಸ್ತಿ;
ದಸ್ತೀ ಮ್ಯಾಲನ ಕುಂತಾರ ನಮ್ಮ ——, ಮಾತಾಡಿಲ್ಲ ಜಾಸ್ತಿ.

ನನಗೆ ನಗು ತಡೆಯಲಾಗಲಿಲ್ಲ. ಪರೀಕ್ಷೆಯ ಕೋಣೆ ಎಂಬುದೂ ನೆನಪಾಗದೆ ನಕ್ಕುಬಿಟ್ಟೆ. ನಾನು ಗಂಡನನ್ನು ಬಾಜೂಕೆ ಕೂರಿಸಿದ್ದೆ, ಸಭ್ಯ ಮನುಷ್ಯನಂತೆ. ಯಾವಳೋ ಅವನನ್ನು ಎತ್ತಿ ದಸ್ತಿಯ ಮೇಲೆಯೇ ಕೂರಿಸಿದ್ದಳು. ಸೀಟು ಹಿಡಿದವಳು ಇವಳು, ಕುಳಿತವನು ಅವನು, ಅದೂ ಒಂದು ಮಾತೂ ಆಡದೆ. ನನ್ನ ಒಡಪಿನಲ್ಲಿ 'ಮಾತಾಡಿಲ್ಲ ಜಾಸ್ತಿ' ಎಂಬುದು ಬರೀ ಅವನ ಸ್ವಭಾವವಾಗಿತ್ತು. ಇಲ್ಲಿ ಅದೇ ಎರಡು ಶಬ್ದಗಳು ಅವನ ಗತ್ತೂ ಆಗಿದ್ದವು, ಇವಳ ತಕರಾರೂ ಆಗಿದ್ದವು. ಎರಡು ಪದ ಬದಲಾಗಿ ಒಂದು ಇಡೀ ಸಂಸಾರ ಒಳಗೆ ಬಂದು ಕುಳಿತಿತ್ತು.

"ಬಾಳ ಚಲೋ ಆಗೈತ್ರಿ ಸರ್" ಎಂದೆ. "ನಂದಕ್ಕಿಂತ ಚಲೋ ಐತಿ. ಇದು ನನಗ ಹೊಳೀಲೇ ಇಲ್ಲ ನೋಡ್ರಿ."

ಪರೀಕ್ಷಕರು ಕನ್ನಡಕ ಹಾಕಿಕೊಂಡರು. ಹಾಳೆ ತೆರೆದು ನನ್ನ ಒಡಪನ್ನು ಮತ್ತೆ ಓದಿದರು. ಬಾಜೂಕ ಬಂದು ಕುಂತಾರ ಎಂಬಲ್ಲಿ ಬೆರಳಿಟ್ಟರು. ಬದಲಾದದ್ದನ್ನು ಅವರು ಆಗಷ್ಟೇ ಗಮನಿಸಿದ್ದು ಎಂದು ಕಾಣುತ್ತದೆ. ಕಿವಿಗೆ ಒಂದು ರಾಗ ಬಿದ್ದಿದ್ದರೆ ಕಣ್ಣು ಅದನ್ನೇ ಓದಿಕೊಂಡು ಹೋಗುತ್ತದಲ್ಲ. ಮೇಡಂ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ಅವರು ಹಸ್ತಪ್ರತಿಗಳ ಪಾಠ ಹೋಲಿಸುವುದನ್ನೂ ನಮಗೆ ಕಲಿಸುತ್ತಿದ್ದರು, ಆ ದನಿ ಬಂತು.

"ಸರ್, ಕದ್ದಾಕಿ ಆಗಿದ್ರ 'ದಸ್ತೀ ಮ್ಯಾಲನ' ಅನ್ನೂದನ್ನ ಬಿಟ್ಟು 'ಬಾಜೂಕ' ಅಂತ ಯಾಕ ಬರೀತಿದ್ಲು? ಚಲೋದ್ದ ಬಿಟ್ಟು ಸಾದಾದ್ದನ್ನ ಯಾರ ಕದೀತಾರ?"

ಪರೀಕ್ಷಕರು ನನ್ನನ್ನು ನೋಡಿದರು, ಹಾಳೆಯನ್ನು ನೋಡಿದರು. ಆಮೇಲೆ ಕೇಳಿದ ಪ್ರಶ್ನೆಗಳಲ್ಲಿ ಮೊದಲಿನ ಗಡಸು ಇರಲಿಲ್ಲ. ಈ ಒಡಪು ಹುಟ್ಟಿದ್ದು ಹೇಗೆ ಎಂದರು. ನಾನು ಕುಲಗೋಡದ ಗೆಳತಿಯ ವಿಷಯ ಹೇಳಿದೆ, ದಸ್ತಿಗಳು ಬೇರೆ ಊರಿನ ಬಸ್ಸು ಹತ್ತಿ ಹೋಗುತ್ತಿದ್ದುದನ್ನು ಹೇಳಿದೆ, ಬೈಗುಳದ ಸಾಮಾನಿನಿಂದ ಕಟ್ಟುವುದನ್ನು ಹೇಳಿದೆ. ಅವರು ಮಧ್ಯೆ ಬಾಯಿ ಹಾಕದೆ ಕೇಳಿದರು. ಬಹಳ ವರ್ಷ ಹಾಡು, ಒಡಪು ಕಲೆಹಾಕಿದವರು. ಯಾರು ಕಟ್ಟಿದ್ದು ಎಂದು ಕೇಳಿದಾಗಲೆಲ್ಲ ಹಿಂದಿನಿಂದ ಬಂದದ್ದು ಎಂಬ ಒಂದೇ ಉತ್ತರ ಸಿಗುತ್ತಿತ್ತಂತೆ. ಕಟ್ಟಿದವಳು ಎದುರಿಗೆ ಕುರ್ಚಿಯಲ್ಲಿ ಕುಳಿತಿದ್ದನ್ನು ನೋಡಿದ್ದು ಇದೇ ಮೊದಲು ಎಂದರು. ಆ ಮಾತಿನಲ್ಲಿ ಕ್ಷಮೆ ಎಂಬ ಶಬ್ದ ಇರಲಿಲ್ಲ, ನನಗೆ ಬೇಕಾಗಿಯೂ ಇರಲಿಲ್ಲ.

ಆದರೆ ಷರತ್ತು ಷರತ್ತೇ. ಹುಕ್ಕೇರಿಯಲ್ಲಿ ಬಳಕೆಯಲ್ಲಿರುವ ಒಡಪು ಪ್ರಾಜೆಕ್ಟಿನಲ್ಲಿ ಇದೆ ಎಂದು ತಾವು ವರದಿಯಲ್ಲಿ ಬರೆಯಲೇಬೇಕು, ಬರೆದರೆ ವಿಭಾಗದಲ್ಲಿ ಮತ್ತೆ ತಕರಾರು ಎದ್ದೀತು ಎಂದರು. ಇದೊಂದನ್ನು ತೆಗೆದುಬಿಟ್ಟರೆ ಉಳಿದವುಗಳ ಮೇಲೆ ಅಂಕ ಕೊಡುತ್ತೇನೆ, ಉಳಿದವೇ ಸಾಕಷ್ಟಿವೆ ಎಂದರು. ಮೇಡಂ ಇದಕ್ಕೆ ಒಪ್ಪಲಿಲ್ಲ. ಅವಳದ್ದನ್ನು ಅವಳು ಯಾಕೆ ತೆಗೆಯಬೇಕು, ಬೇಕಾದರೆ ತಕರಾರು ಏಳಲಿ, ನಾನು ನೋಡಿಕೊಳ್ಳುತ್ತೇನೆ ಎಂದರು. ಇಬ್ಬರೂ ನನ್ನ ಕಡೆ ತಿರುಗಿದರು.

ನಾನು ಯೋಚಿಸಲು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ಈಗ 'ಬಾಜೂಕ' ಎಂದು ಓದಿದರೆ ನನಗೇ ಸಪ್ಪೆ ಅನ್ನಿಸುತ್ತಿತ್ತು. 'ದಸ್ತೀ ಮ್ಯಾಲನ' ಎಂದು ತಿದ್ದಿ ನನ್ನದೆನ್ನಲು ಅದು ನನ್ನದಲ್ಲ. ಆ ಮಾತನ್ನು ಕೂಡಿಸಿದವಳು ಮೂಡಲಗಿಯವಳೋ, ಹುಕ್ಕೇರಿಯವಳೋ, ನಡುವಿನ ಯಾವ ಊರಿನವಳೋ. ಯಾವ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳೋ. ನಾನು ಪೆನ್ನು ತೆಗೆದು ನನ್ನ ಒಡಪಿನ ಮೇಲೆ ಅಡ್ಡಗೀಟು ಎಳೆದೆ. ಅಷ್ಟಕ್ಕೇ ನಾನು ನಿಲ್ಲಿಸಲಿಲ್ಲ. ಕೊನೆಯಲ್ಲಿ ಬೈಂಡಿನವನು ಬಿಟ್ಟಿದ್ದ ಖಾಲಿ ಹಾಳೆ ಇತ್ತು. ಅದರ ಮೇಲೆ 'ಅನುಬಂಧ, ಅಂಕಕ್ಕೆ ಸೇರಿದ್ದಲ್ಲ' ಎಂದು ಬರೆದು, ಹುಕ್ಕೇರಿಯ ಒಡಪನ್ನು ಪರೀಕ್ಷಕರು ಹೇಳಿದಂತೆಯೇ ಇಳಿಸಿದೆ. ಕೆಳಗೆ, ಹೇಳಿದವರು ಹುಕ್ಕೇರಿಯ ಒಬ್ಬ ಮದುಮಗಳು, ಕಟ್ಟಿದವರು ಗೊತ್ತಿಲ್ಲ ಎಂದು ಬರೆದು ಅವರ ಮುಂದೆ ಇಟ್ಟೆ.

ಅವರು ಓದಿ ತಲೆ ಎತ್ತಿದರು. "ಗೊತ್ತಿಲ್ಲ ಅಂತ ಯಾಕ ಬರದಿ? ನಿನ್ನ ಹೆಸರ ಹಾಕು. ನಾ ಸಹಿ ಮಾಡತೇನಿ."

"ಅರ್ಧ ನಂದರಿ" ಎಂದೆ. "ಅಂವನ್ನ ದಸ್ತೀ ಮ್ಯಾಲ ಕುಂಡ್ರಿಸಿದಾಕಿ ಯಾರಂತ ಹುಡಿಕ್ಯಾಡಿ ಕೊಡ್ರಿ, ಇಬ್ಬರದೂ ಹಾಕತೇನಿ."

ಅವರು ಮೊದಲ ಸಲ ನಕ್ಕರು. ಹಾಳೆಯ ಕೆಳಗೆ ಸಹಿ ಮಾಡಿದರು. ಪಕ್ಕದ ಅಂಕಪಟ್ಟಿಯಲ್ಲಿ ಅಂಕ ಬರೆಯುವಾಗ ನನಗೆ ಕಾಣದಂತೆ ಎಡಗೈ ಅಡ್ಡ ಹಿಡಿದುಕೊಂಡರು. ಆದರೆ ಮೇಡಂ ಕುಳಿತಿದ್ದ ಕಡೆಯಿಂದ ಅದು ಕಾಣುತ್ತಿತ್ತು, ಅವರ ಮುಖ ನನಗೆ ಕಾಣುತ್ತಿತ್ತು. ಪಾಸಾದೆ ಎಂದು ನನಗೆ ತಿಳಿದದ್ದು ಹಾಗೆ.

ಎದ್ದು ಬಾಗಿಲ ತನಕ ಹೋಗಿದ್ದೆ. ಪರೀಕ್ಷಕರು ಹಿಂದಿನಿಂದ ಕರೆದು, ಮೇಡಂ ಕೇಳಿಸಿಕೊಳ್ಳುತ್ತಿದ್ದಾರೆಂಬ ಸಂಕೋಚದಲ್ಲೇ, ತಮ್ಮ ಕಿರಿಯ ಮಗಳ ಮದುವೆ ಗೊತ್ತಾಗುವುದರಲ್ಲಿದೆ ಎಂದರು. ನಾನು ಬಾಗಿಲಲ್ಲೇ ನಿಂತು, ಅವಳು ಮನೆಯಲ್ಲಿ ಯಾವುದಕ್ಕೆ ಬೈಸಿಕೊಳ್ಳುತ್ತಾಳೆ ಹೇಳಿ ಎಂದೆ. ಅವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಎಲ್ಲಿಂದ ಶುರು ಮಾಡಲಿ ಎಂಬಂತೆ ನಿಟ್ಟುಸಿರು ಬಿಟ್ಟರು. ಹೊರಗೆ ಸರದಿ ಕಾಯುತ್ತಿದ್ದ ಹುಡುಗ ಒಳಗೆ ಇಣುಕಿ ನೋಡಿದ. ಮೇಡಂ ಅವನಿಗೆ ಇನ್ನೂ ಸ್ವಲ್ಪ ತಡಿ ಎಂದು ಸನ್ನೆ ಮಾಡಿದರು. ನಾನು ಮತ್ತೆ ಬಂದು ಕುರ್ಚಿಯಲ್ಲಿ ಕುಳಿತೆ.